ಅತ್ತೆಯ ಊರುಗೋಲಿಗೆ ಲೇಸರ್ ಬೆಸುಗೆ

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಅಂಟಣ್ಣ ಎಂದೇ ಕರೆಯುತ್ತಿದ್ದರು. ಅರ್ಧ ಆಯುಷ್ಯ ಅಂಟು ಹಚ್ಚುವ ವಿಭಾಗದಲ್ಲೇ ಸವೆಸಿದವನು. ಪ್ಲಾಸ್ಟಿಕ್ ಬೆಸೆಯುವ ಲೇಸರ್ ಯಂತ್ರ ಬಂದಾಗ ಮುಖ ಊದಿಸಿಕೊಂಡು ಓಡಾಡಿದ. ಅದನ್ನು ನಡೆಸುವ ಕೆಲಸ ಅವನ ಪಾಲಿಗೇ ಬಂದದ್ದೇ ತಡ, ಯಂತ್ರವನ್ನು ತಾನೇ ಹೆತ್ತವನ ಹಾಗೆ ಮಾತಾಡತೊಡಗಿದ. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಪುರಾಣ.

"ಮೇಲಿನ ಪ್ಲಾಸ್ಟಿಕ್ ಗಾಜಿನ ಥರ ಇರುತ್ತೆ, ಬೆಳಕು ದಾಟಿ ಹೋಗುತ್ತೆ. ಕೆಳಗಿನ ಕಪ್ಪು ತುಂಡು ಕಾದು, ಎರಡೂ ಕರಗಿ ಒಂದಾಗುತ್ತೆ."

"ಊಟ ಆರ್ತಿದೆ ರೀ," ಎನ್ನುವಳು ಹೆಂಡತಿ.

ಹೀಗಿರುವಾಗ ಜೊತೆಯಲ್ಲೇ ಇದ್ದ ಅತ್ತೆಯ ಊರುಗೋಲಿನ ಹಿಡಿ ಕಿತ್ತುಬಂತು. ಕೋಲು ಕಾರ್ಬನ್ ನಾರಿನದು, ಗರಿಯಷ್ಟು ಹಗುರ. ಹಿಡಿ ತಿಳಿಬಣ್ಣದ ಪಾರದರ್ಶಕ ಪ್ಲಾಸ್ಟಿಕ್ಕಿನದು.

"ಚಿಟಿಕೆ ಹೊಡೆಯೋದ್ರಲ್ಲಿ ಸರಿ ಮಾಡ್ಕೊಂಡು ಬರ್ತೀನಿ ಅತ್ತೆ," ಎಂದ.

"ಸ್ವಲ್ಪ ಅಂಟು ಹಾಕಿದ್ರೆ ಸಾಲ್ದಾ ಅಳಿಯಂದ್ರೇ?"

ಅಂಟಣ್ಣನಿಗೆ ಆ ಮಾತು ಅವಮಾನವೆನಿಸಿತು.

ಮೇಲ್ವಿಚಾರಕನ ಒಪ್ಪಿಗೆ ಪಡೆದು, ಪಾಳಿ ಮುಗಿದ ಮೇಲೆ ಕೋಲನ್ನು ಯಂತ್ರದೊಳಗಿಟ್ಟ. ಹೊರತೆಗೆದು ಎಳೆದರೆ ಹಿಡಿ ಕೈಗೇ ಬಂತು. ಶಾಖ ಹೆಚ್ಚಿಸಿದ, ಹೊಗೆ ಬಂತು, ಬೆಸುಗೆ ಬರಲಿಲ್ಲ. ಹಿಡಿ ಕರಗುತ್ತಿತ್ತು, ಆದರೆ ಕೋಲಿನ ನಾರುಗಳನ್ನು ಹಿಡಿದಿಟ್ಟಿದ್ದ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವ ಜಾತಿಯದಲ್ಲ. ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಜಂಬದ ಭರದಲ್ಲಿ ಮರೆತಿದ್ದ.

ಮರುದಿನ ಬುದ್ಧಿ ಓಡಿತು. ಮೊದಲು ಲೇಸರಿನಿಂದಲೇ ಕೋಲಿನ ತುದಿಯಲ್ಲಿ ಕೂದಲೆಳೆಯಂಥ ಗೀರುಗಳನ್ನು ಕೊರೆದ. ಆಮೇಲೆ ಹಿಡಿಯನ್ನು ಒತ್ತಿ ಕೂರಿಸಿ ಬೆಳಕು ಹಾಯಿಸಿದ. ಕರಗಿದ ಪ್ಲಾಸ್ಟಿಕ್ ಗೀರುಗಳೊಳಗೆ ಇಳಿದು ಕಚ್ಚಿಕೊಂಡಿತು. ಎಳೆದ, ತಿರುಚಿದ, ಜೋತುಬಿದ್ದ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ತಂದ.

ಅತ್ತೆ ಕೋಲೂರಿ ಬಾಗಿಲವರೆಗೆ ಹೋಗಿ ಬಂದರು. "ಗಟ್ಟಿಯೇನೋ ಇದೆ. ಆದ್ರೆ ಯಾಕೋ ವಾರೆ ಕೂತಿದೆಯಲ್ಲ?"

ನಿಜವೇ. ಸಂಭ್ರಮದಲ್ಲಿ ಅದೊಂದು ಕಣ್ಣಿಗೆ ಬಿದ್ದಿರಲಿಲ್ಲ. ಕಿತ್ತು ಮತ್ತೆ ಕೂರಿಸುತ್ತೇನೆಂದು ರಜಾದಿನವಿಡೀ ಗುದ್ದಾಡಿ, ತನ್ನ ಬೆಸುಗೆಗೆ ತಾನೇ ಸೋತ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು.

"ಬಿಡಿ ಅಳಿಯಂದ್ರೇ, ನನ್ನ ನಡಿಗೇನೂ ವಾರೆನೇ," ಎಂದು ಅತ್ತೆ ಕೋಲು ಕಸಿದುಕೊಂಡರು. ಅಂದಿನಿಂದ ಮನೆಗೆ ಬಂದವರ ಕೈಗೆಲ್ಲ ಅದನ್ನು ಕೊಟ್ಟು, "ಎಳೀರಿ ನೋಡೋಣ, ನಮ್ಮ ಅಳಿಯಂದ್ರು ಮಾಡಿದ್ದು," ಎನ್ನತೊಡಗಿದರು. ಅಂಟಣ್ಣ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಕೆಲವು ದಿನಗಳಲ್ಲಿ ಪಕ್ಕದ ಮನೆಯಾಕೆ ಬಿರುಕುಬಿಟ್ಟ ಬಕೆಟ್ ಹಿಡಿದು ಬಂದರು. ಅಂಟಣ್ಣ ಅದನ್ನು ತಿರುಗಿಸಿ ನೋಡಿ, ತಲೆ ಕೆರೆದುಕೊಂಡು, "ಯಾವ ಪ್ಲಾಸ್ಟಿಕ್ಕೋ ಏನೋ. ನೋಡ್ತೀನಿ," ಎಂದ.

ಮಾತಾಡಿದವನು ತನ್ನ ಗಂಡನೇ ಹೌದೋ ಎಂದು ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು.