ಹೋಟೆಲಿನಲ್ಲಿ ಒಬ್ಬಳೇ ಕುಡಿದ ಕಾಫಿ

ಮದುವೆಯಾದ ಹೊಸತರಲ್ಲಿ ನಾನು ತಿ. ನರಸೀಪುರದಿಂದ ದಿನವೂ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಎಂ.ಎ. ಓದುತ್ತಿದ್ದೆ. ಪಠ್ಯವಾಗಿ ಒಂದು ತೆಳ್ಳನೆಯ ಕಾದಂಬರಿ ಇತ್ತು. ಸಣ್ಣ ಊರಿನ ಸೊಸೆಯೊಬ್ಬಳ ಕಥೆ. ಮಧ್ಯದ ಒಂದು ಅಧ್ಯಾಯದಲ್ಲಿ ಅವಳು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಒಬ್ಬಳೇ ಹೋಗಿ ಕಾಫಿ ಕುಡಿದು ಮನೆಗೆ ಬರುತ್ತಾಳೆ. ಅಷ್ಟೇ.

"ಇದ್ರಲ್ಲಿ ಏನೂ ನಡೆಯೋದೇ ಇಲ್ವಲ್ಲ," ಎಂದಳು ಮೈಸೂರಿನ ಗೆಳತಿ. ಮೇಷ್ಟ್ರು ಅದು ಒಂಟಿತನದ ಚಿತ್ರ ಎಂದರು. ನನಗೆ ಎರಡೂ ಸರಿ ಅನ್ನಿಸಲಿಲ್ಲ. ನಮ್ಮೂರಿನ ಹೋಟೆಲಿನಲ್ಲಿ ಹೆಂಗಸೊಬ್ಬಳೇ ಕೂತದ್ದನ್ನು ನಾನು ಕಂಡೇ ಇರಲಿಲ್ಲ.

ಅವತ್ತು ಸಂಜೆ ಬಸ್ಸಿಳಿದವಳು ಮನೆ ಕಡೆ ತಿರುಗದೆ ಎದುರಿನ ಹೋಟೆಲಿಗೆ ಹೋದೆ. ಗಂಡನ ಜೊತೆ ಎಷ್ಟೋ ಸಲ ಕೂತಿದ್ದ ಜಾಗವೇ. ನೀರು ತಂದಿಟ್ಟ ಸಪ್ಲೈಯರ್, "ಅಣ್ಣೋರು ಬತ್ತಾವ್ರಾ ಅಕ್ಕ?" ಎಂದ.

"ಇಲ್ಲ, ನಾನೊಬ್ಬಳೇ. ಒಂದು ಕಾಫಿ."

ಆದರೂ ಅವನು ಬಾಗಿಲ ಕಡೆ ಒಮ್ಮೆ ನೋಡಿಯೇ ಒಳಗೆ ಹೋದ. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಗಂಡನ ಚಿಕ್ಕಪ್ಪ ಎದ್ದು ಬಂದರು. "ಯಾಕವ್ವ, ಉಸಾರಿಲ್ವಾ? ಮನೇಲಿ ಏನಾರ ಆಯ್ತಾ?"

"ಏನಿಲ್ಲ ಮಾವ. ಕಾಫಿ ಕುಡೀಬೇಕು ಅನ್ನಿಸ್ತು."

ಅವರು ನಂಬಿದಂತೆ ಕಾಣಲಿಲ್ಲ. ಹೊರಗೆ ಹೋಗಿ ಫೋನ್ ಕಿವಿಗಿಟ್ಟುಕೊಂಡರು.

ನಾನು ಮನೆ ಮುಟ್ಟುವಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಮನೇಲಿ ಕಾಪಿಪುಡಿ ಇರ್ನಿಲ್ವಾ? ನಾನೇನಾರ ಅಂದ್ನಾ ನಿಂಗೆ?" ಕೋಪ ಎಂದುಕೊಂಡೆ. ನೋಡಿದರೆ ಅವರ ಕಣ್ಣು ತುಂಬಿತ್ತು. ಕಾಫಿ ಕುಡಿದವಳು ನಾನು. ಊರಿನ ಲೆಕ್ಕದಲ್ಲಿ ಅದು ಅತ್ತೆಯ ಮೇಲೆ ಹೇಳಿದ ದೂರು. ಕಾದಂಬರಿಯ ಮುಂದಿನ ಅಧ್ಯಾಯದಲ್ಲಿ ಅತ್ತೆ ಸೊಸೆಯ ಜೊತೆ ಮಾತು ಬಿಡುತ್ತಾಳೆ. ಕಾರಣವೇ ಇಲ್ಲದೆ ಬಿಟ್ಟಳು ಎಂದು ನಾವೆಲ್ಲ ತರಗತಿಯಲ್ಲಿ ಅಂದುಕೊಂಡಿದ್ದೆವು.

ಒಳಗೆ ಕೂರಿಸಿಕೊಂಡು ಆ ಕಥೆಯನ್ನು ಅತ್ತೆಗೆ ಹೇಳಿದೆ. ಅವರು ಪೂರ್ತಿ ಕೇಳಿದರು. "ಓಗ್ಬ್ಯಾಡ ಅಂತಲ್ಲ ಕಣವ್ವ. ಯೋಳ್ಬುಟ್ಟು ಓಗು. ಯಾರಾರ ಕೇಳುದ್ರೆ ನಾನೇ ಕಳ್ಸಿದ್ದು ಅಂತೀನಿ," ಎಂದರು.

ಈಗ ನಂಜನಗೂಡಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ವರ್ಷ ಅದೇ ಕಾದಂಬರಿ ಮತ್ತೆ ಬಂತು. ಆ ಅಧ್ಯಾಯ ಓದಿ ನಿಲ್ಲಿಸಿದಾಗ ಬಿಳಿಗೆರೆ ಹಳ್ಳಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಅವ್ಳು ಗೋಡೆ ಕಡೆ ಮುಖ ಮಾಡ್ಕೊಂಡ್ ಕೂತಿದ್ಲಾ, ರೋಡ್ ಕಡೆಗಾ?"

ಮೈಸೂರಿನಲ್ಲಿ ಯಾರೂ ಕೇಳದ ಪ್ರಶ್ನೆ, ನನಗೂ ಹೊಳೆದಿರಲಿಲ್ಲ. ಪುಟ ತಿರುವಿ ನೋಡಿದೆ. ರಸ್ತೆಗೆ ಮುಖ ಮಾಡಿ ಕೂತಳು ಎಂದಿತ್ತು.

"ಅಂಗಾದ್ರೆ ಎಲ್ರೂ ನೋಡ್ಲಿ ಅಂತ ಬೇಕಂತ್ಲೇ ಕೂತವ್ಳೆ ಬುಡಿ," ಎಂದಳು ಹುಡುಗಿ. ತರಗತಿ ನಕ್ಕಿತು. ಹಿಂದಿನ ಬೆಂಚಿನ ಹುಡುಗಿ ಅದನ್ನು ಒಪ್ಪಲಿಲ್ಲ, ಬೀದಿ ನೋಡುವ ಆಸೆಗೆ ಕೂತಿರಬಹುದು ಎಂದಳು. ವಾದ ಬೆಳೆದು ಉಳಿದ ಪಾಠ ಅವತ್ತು ಮುಂದೆ ಹೋಗಲಿಲ್ಲ.