ಸೋದರಮಾವನ ಪರಿಹಾರದ ಅರ್ಜಿ

ಗೋಕಾಕದ ಬಸ್ ನಿಲ್ದಾಣದಲ್ಲಿ ಬಸ್ಸು ತಡವಾದರೆ ಯಾರೂ ಪರಿಹಾರ ಕೇಳುವುದಿಲ್ಲ. ಹುರಿದ ಶೇಂಗಾ ಕೊಳ್ಳುತ್ತಾರೆ. ಶೇಂಗಾ ಮುಗಿಯುವ ಮೊದಲೇ ಬಸ್ಸು ಬಂದುಬಿಟ್ಟರೆ ಕೊಂಚ ಬೇಸರವನ್ನೂ ಪಡುತ್ತಾರೆ. ಮೂಡಲಗಿಯಿಂದ ಬಂದು ಇಲ್ಲಿ ಬಸ್ಸು ಬದಲಿಸುತ್ತಲೇ ತಲೆ ನೆರೆಸಿಕೊಂಡ ನಾನೂ ಈ ಸಹನಶೀಲ ಸಂಪ್ರದಾಯದವನೇ. ಆದರೆ ವಿಮಾನದ ಟಿಕೆಟ್ಟಿಗೊಂದು ವಿಶೇಷ ಗುಣವುಂಟು, ಓದುಗರೇ: ಅದು ಕಿಸೆಗೆ ಬಿದ್ದೊಡನೆ ಎಂಥ ಸಾಧುವಿನಲ್ಲೂ ಹಕ್ಕುಗಳ ಪ್ರಜ್ಞೆ ಜಾಗೃತವಾಗುತ್ತದೆ.

ಕಳೆದ ವರ್ಷ ಮಿತ್ರರೊಬ್ಬರ ಮನೆಯ ಮದುವೆಗೆಂದು ಬೆಂಗಳೂರಿಗೆ ಹೋಗಿದ್ದೆ. ಘೋಡಗೇರಿಗೆ ಕೊಟ್ಟ ತಂಗಿ ಶಾಂತಾಳ ಮಗನ ಜವಳ ಮರುದಿನವೇ ಇತ್ತು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲಿಗೆ ಕತ್ತರಿ ಹಾಕಬೇಕಾದವನು ಸೋದರಮಾವ. ಶಾಂತಾಳಿಗೆ ಇರುವ ಅಣ್ಣ ನಾನೊಬ್ಬನೇ. ನಾನು ತಪ್ಪಿಸಿದರೆ ಬೀಗರೆದುರು ತವರಿನ ಮರ್ಯಾದೆ ಹೋದಂತೆಯೇ. ಸಮಯಕ್ಕೆ ಸರಿಯಾಗಿ ಮುಟ್ಟಲೆಂದೇ ಬೆಳಗಿನ ವಿಮಾನಕ್ಕೆ ದುಡ್ಡು ಸುರಿದಿದ್ದೆ. ‘ತಾಂತ್ರಿಕ ಕಾರಣ’ಗಳೆಂಬ ನಿರಾಕಾರ ತತ್ತ್ವಕ್ಕೆ ಶರಣಾದ ಆ ವಿಮಾನ ಮೇಲೆದ್ದದ್ದು ಸಂಜೆಗೆ.

ಘೋಡಗೇರಿ ಮುಟ್ಟುವಷ್ಟರಲ್ಲಿ ಮನೆಮನೆಗೆ ದೀಪ ಹತ್ತಿತ್ತು. ದೀಪ ಹಚ್ಚಿದ ಮೇಲೆ ಕತ್ತರಿ ಮುಟ್ಟುವಂತಿಲ್ಲ. ಅಪರಾಧಿಯಂತೆ ಹೊಸ್ತಿಲಲ್ಲಿ ನಿಂತು ನೋಡಿದರೆ ಬಂಧುಬಳಗವೆಲ್ಲ ಅಲ್ಲೇ ಕುಳಿತಿತ್ತು, ಕ್ಷೌರಿಕನೂ ಸೇರಿ. ನಡುವೆ ಅಳಿಯದೇವರು ಕಣ್ಣ ಮೇಲೆ ಕೂದಲು ಇಳಿಬಿಟ್ಟುಕೊಂಡು ವಿರಾಜಮಾನನಾಗಿದ್ದ.

“ಒಳಗ ಬರ್ರಿ ಬೀಗರ,” ಎಂದರು ಶಾಂತಾಳ ಅತ್ತೆ. “ಮಾವ ಇಲ್ಲದ ಜವಳಾ ಎಂಥಾದ್ರಿ? ನಾಳಿ ಮಾಡೂಣು. ಕೂದಲಾ ಎಲ್ಲಿ ಓಡಿ ಹೊಕ್ಕಾವು!”

ಎಲ್ಲರೂ ಅಲ್ಲೇ ಉಳಿದರು. ಬೆಳಿಗ್ಗೆ ನಾನು ಕತ್ತರಿ ಹಾಕಿದೆ. ಅಳಿಯ ನನ್ನ ಕನ್ನಡಕ ಕಿತ್ತೆಸೆದು ಸೇಡು ತೀರಿಸಿಕೊಂಡ.

ಮೂಡಲಗಿಗೆ ಮರಳಿದವನೇ ವಿಮಾನದವರಿಗೆ ಪರಿಹಾರದ ಅರ್ಜಿ ಹಾಕಿದೆ. ಅವರ ಅರ್ಜಿಯ ನಮೂನೆಯ ಪ್ರಕಾರ ಮನುಷ್ಯನಿಗಾಗುವ ನಷ್ಟವೆಂದರೆ ಊಟ, ವಸತಿ, ತಪ್ಪಿದ ಮತ್ತೊಂದು ವಿಮಾನ. ಸೋದರಮಾವತನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ‘ಇತರೆ’ ಎಂಬಲ್ಲಿ ಜವಳದ ಮಹಿಮೆಯನ್ನು ಪುರಾಣದೋಪಾದಿಯಲ್ಲಿ ವಿಸ್ತರಿಸಿದೆ. ಉತ್ತರವಾಗಿ ವಿಷಾದವೂ ವಿಮಾನ ನಿಲ್ದಾಣದಲ್ಲಿ ತಿಂಡಿ ತಿನ್ನಲು ಒಂದು ಕೂಪನ್ನೂ ಬಂದವು. ಆ ತಿಂಡಿ ತಿನ್ನಲು ಮತ್ತೆ ವಿಮಾನವನ್ನೇ ಹತ್ತಬೇಕಲ್ಲ! ಸಿಟ್ಟಿನಿಂದ ಎರಡನೆಯ ಅರ್ಜಿ ಬರೆಯುತ್ತಿದ್ದಾಗ ಶಾಂತಾಳ ಫೋನು ಬಂತು. ಎಲ್ಲ ಕೇಳಿ ನಕ್ಕಳು.

“ನಿನಗ ಅವರು ಕೊಡಲಿ ಅಣ್ಣಾ, ಬ್ಯಾಡ ಅನ್ನಂಗಿಲ್ಲ. ಆದ್ರ ದಿನಾ ಪೂರ್ತಿ ಕುಂತವ್ರು ನಮ್ಮ ಮಂದಿ. ಅವರಿಗಿ ಯಾರ ಕೊಡವ್ರು?”

ಖರೆ ಹೇಳುತ್ತೇನೆ, ಅದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಆದರೂ ಹಕ್ಕು ಹಕ್ಕೇ. ಅರ್ಜಿ ಕಳಿಸಿದೆ, ಉತ್ತರ ಇನ್ನೂ ಬಂದಿಲ್ಲ.

ಮೊನ್ನೆ ಗೋಕಾಕದಲ್ಲಿ ಘೋಡಗೇರಿಯ ಬಸ್ಸು ಎಂದಿನಂತೆ ತಡವಾಯಿತು. ನಾನೂ ಎಂದಿನಂತೆ ಶೇಂಗಾ ಕೊಂಡೆ. ಆದರೆ ಈ ಸಲ ಒಂದು ಪೊಟ್ಟಣವಲ್ಲ, ಒಂದು ಚೀಲ. ಬಸ್ಸು ಬಂದಾಗ ಚೀಲದ ಬಾಯಿ ಬಿಚ್ಚಿರಲಿಲ್ಲ.

“ಇಷ್ಟ್ಯಾಕ್ರಿ ಬೀಗರ?” ಎಂದರು ಘೋಡಗೇರಿಯಲ್ಲಿ ಶಾಂತಾಳ ಅತ್ತೆ.

“ಪರಿಹಾರರಿ. ಅವತ್ತ ಎಲ್ಲಾರೂ ನನ್ನ ಸಲುವಾಗಿ ಕಾದ್ರಲ್ಲಾ.”

ಅವರು ಶೇಂಗಾವನ್ನು ಮೊರಕ್ಕೆ ಸುರಿಯುತ್ತ, ಇದು ಯಾವ ದಿನದ ಮಾತೆಂದು ಬಹಳ ಹೊತ್ತು ಯೋಚಿಸಿದರು.

“ಯಾವತ್ರಿ?” ಎಂದರು.