ಕರಿ ರಾಜನ ಕೆಂಪು ದಾರ

1997ರ ಬೇಸಿಗೆಯ ಒಂದು ಭಾನುವಾರ ತುಮಕೂರಿನ ಮಂಡಿಪೇಟೆಯಲ್ಲಿ ಒಂದು ದಿನದ ಚೆಸ್ ಟೂರ್ನಿ ನಡೆಯಿತು. ಅದರಲ್ಲಿ ಆಡಿದ ಸಿ.ಎಸ್. ಪುರದ ಎಪ್ಪತ್ತು ದಾಟಿದ ರೈತರೊಬ್ಬರು ಐದೂ ಸುತ್ತು ಸೋತರು. ಕೊನೆಯ ಸುತ್ತಿನಲ್ಲಿ ಅವರು ಸೋತದ್ದು ತೀರ್ಪುಗಾರರ ಒಂದು ಮಾತಿನಿಂದ. ತೀರ್ಪುಗಾರರು ಅವರ ಮಗ.

ನಮ್ಮ ಪತ್ರಿಕೆಯಲ್ಲಿ ಈ ಸುದ್ದಿ ಬರಲಿಲ್ಲ. ಮೊದಲ ಮೂರು ಸ್ಥಾನ ಪಡೆದವರ ಹೆಸರನ್ನು ಮಾತ್ರ ಹಾಕುವುದು ನಮ್ಮ ಪದ್ಧತಿಯಾಗಿತ್ತು. ಜಿಲ್ಲೆಯ ಕ್ರೀಡಾ ಸುದ್ದಿ ಬರೆಯುತ್ತಿದ್ದವನು ನಾನೇ.

ಹೋದ ತಿಂಗಳು ಗುಬ್ಬಿಯಲ್ಲಿ ಒಬ್ಬರ ಮನೆಗೆ ಹೋಗಿದ್ದೆ. ಮಾತಿನ ನಡುವೆ ಆ ಮನೆಯಾಕೆ ಅಟ್ಟದಿಂದ ಒಂದು ಮರದ ಡಬ್ಬಿ ಇಳಿಸಿ, ಸೀರೆಯ ಸೆರಗಿನಿಂದ ಧೂಳು ಒರೆಸಿ, ಮುಚ್ಚಳ ತೆಗೆದರು. ಕಮಟು ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಡಬ್ಬಿಯೊಳಗೆ ಏನಿದೆ ಎಂದು ನೋಡುವ ಮೊದಲೇ ನನಗೆ ಗೊತ್ತಾಗಿತ್ತು... ಚೆಸ್ಸಿನ ಮರದ ಕಾಯಿಗಳಿಗೆ ಕೊಬ್ಬರಿ ಎಣ್ಣೆ ತಿಕ್ಕುವವರನ್ನು ನಾನು ಜೀವನದಲ್ಲಿ ಕಂಡದ್ದು ಒಬ್ಬರನ್ನೇ. ಆ ತೀರ್ಪುಗಾರರನ್ನು. ಆ ಮನೆಯಾಕೆ ಅವರ ಮಗಳು.

ತೀರ್ಪುಗಾರರಿಗೆ ನ್ಯಾಯಾಲಯದಲ್ಲಿ ಕೆಲಸ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು. ಎತ್ತರದ ಆಳು, ಒಳ್ಳೆಯ ಗಂಟಲು. ವಾರವೆಲ್ಲ ಅಲ್ಲಿ ಕೂಗಿ, ಭಾನುವಾರ ಮಂಡಿಪೇಟೆಯ ಕಿರಾಣಿ ಅಂಗಡಿಯ ಮಹಡಿಯಲ್ಲಿದ್ದ ಕ್ಲಬ್ಬಿಗೆ ಬರುತ್ತಿದ್ದರು. ಕೆಳಗೆ ಒಣಮೆಣಸಿನಕಾಯಿ ಮೂಟೆಗಳು. ಮೂಟೆ ಇಳಿಸುವ ದಿನ ಮೇಲೆ ಆಡುವವರಿಗೆಲ್ಲ ಸೀನು. ಸೀನು ಬಂತು, ಗಡಿಯಾರ ನಿಲ್ಲಿಸಿ ಎಂದು ಒಬ್ಬರು ಕೇಳಿದಾಗ, "ಸೀನೋದು ನಿಮ್ ಟೈಮಲ್ಲೇ ಸ್ವಾಮಿ" ಎಂದಿದ್ದರು. ಆಟಗಾರರು ಬೆನ್ನ ಹಿಂದೆ ಅವರನ್ನು ಜಡ್ಜ್ ಸಾಹೇಬ್ರು ಎನ್ನುತ್ತಿದ್ದರು. ಎದುರಿಗೂ ಅಂದರೆ ನಗುತ್ತಿದ್ದರು.

ಸುತ್ತು ಶುರುವಾಗಿ ಆಟಗಾರ ಬಂದಿಲ್ಲವೆಂದರೆ ಅವರು ಮಹಡಿ ಮೆಟ್ಟಿಲ ತುದಿಯಲ್ಲಿ ನಿಂತು, ನ್ಯಾಯಾಲಯದಲ್ಲಿ ಕೂಗುವ ಹಾಗೆಯೇ ಹೆಸರು, ತಂದೆಯ ಹೆಸರು, ಊರು ಸೇರಿಸಿ ಮೂರು ಸಲ ಕೂಗುತ್ತಿದ್ದರು. ಬೀದಿಯಲ್ಲಿ ಹೋಗುತ್ತಿದ್ದವರು ತಲೆ ಎತ್ತಿ ನೋಡುತ್ತಿದ್ದರು. ಟೀ ಕುಡಿಯಲು ಹೋಗಿದ್ದ ಆಟಗಾರ ಲೋಟ ಅಲ್ಲೇ ಇಟ್ಟು ಓಡಿಬರುತ್ತಿದ್ದ.

ಟೂರ್ನಿ ಮುಗಿದ ಸಂಜೆ ಫಲಿತಾಂಶವನ್ನು ನಮ್ಮ ಕಚೇರಿಗೆ ತರುತ್ತಿದ್ದವರೂ ಅವರೇ. ಗುಬ್ಬಿಯವರು ಪ್ರಥಮ, ಕುಣಿಗಲ್‌ನವರು ದ್ವಿತೀಯ, ತುಮಕೂರಿನವರು ತೃತೀಯ. ಅದನ್ನು ನಾನು ನಾಲ್ಕು ಸಾಲಿಗೆ ಇಳಿಸುವ ತನಕ ಎದುರಿಗೆ ಕೂತಿರುತ್ತಿದ್ದರು. ಆಮೇಲೆ ಕೆಳಗಿನ ಹೋಟೆಲಿನಲ್ಲಿ ಇಬ್ಬರೂ ಕಾಫಿ ಕುಡಿಯುತ್ತಿದ್ದೆವು. ಅವರ ಅಪ್ಪನ ಕತೆ ನನಗೆ ಗೊತ್ತಾದದ್ದು ಆ ಕಾಫಿಯ ಹೊತ್ತಿನಲ್ಲಿ, ಬಿಡಿಬಿಡಿಯಾಗಿ, ಕೆಲವು ವರ್ಷಗಳಲ್ಲಿ.

ಅವರಿಗೆ ಚದುರಂಗ ಕಲಿಸಿದ್ದು ಅಪ್ಪ. ಸಿ.ಎಸ್. ಪುರದ ಮನೆಯ ಜಗಲಿಯಲ್ಲಿ, ಹಳೆಯ ನಾಡ ಆಟ. ಅದರಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು. ರಾಜ ಮಾತ್ರ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಚೆಕ್ ಬಿದ್ದಾಗಲೂ ಹಾರಿ ತಪ್ಪಿಸಿಕೊಳ್ಳಬಹುದು. ಹಾರಿದ್ದಾನೋ ಇಲ್ಲವೋ ಎಂಬ ಜಗಳ ಬರಬಾರದೆಂದು ಅಪ್ಪ ಎರಡೂ ರಾಜರ ಕುತ್ತಿಗೆಗೆ ಕೆಂಪು ದಾರ ಸುತ್ತುತ್ತಿದ್ದರಂತೆ. ರಾಜ ಹಾರಿದ ತಕ್ಷಣ ದಾರ ಬಿಚ್ಚಿ ಪಕ್ಕಕ್ಕಿಡಬೇಕು.

ಮಗ ತುಮಕೂರಿಗೆ ಬಂದು ನೌಕರಿ ಹಿಡಿದು, ಕ್ಲಬ್ಬು ಸೇರಿ, ಪುಸ್ತಕದ ಆಟ ಕಲಿತರು. ಒಂದು ಹಬ್ಬಕ್ಕೆ ಊರಿಗೆ ಹೋದಾಗ ಜಗಲಿಯಲ್ಲಿ ಬೋರ್ಡು ಹಾಸಿದರು. ಅಪ್ಪನ ರಾಜ ಹಾರಿದ. ಮಗ ನಾಲ್ಕು ಜನ ನೆರೆಯವರ ಎದುರು, "ಇದು ತಪ್ಪು ಕಣಪ್ಪ, ಬುಕ್ಕಲ್ಲಿ ಹಿಂಗಿಲ್ಲ" ಎಂದರು. ಅಪ್ಪ ಒಂದೊಂದೇ ಕಾಯಿ ಎತ್ತಿ ಡಬ್ಬಿಗೆ ಹಾಕಿದರು. "ಹಂಗಾದ್ರೆ ಬುಕ್ಕಿನ್ ಜೊತೇನೇ ಆಡ್ಕೋ ಹೋಗು" ಎಂದರು.

ಅಲ್ಲಿಂದ ಮುಂದೆ ಅಪ್ಪ ಮಗ ಬೇರೆಲ್ಲ ಮಾತಾಡಿದರು. ರಾಗಿ, ಹಸು, ಮೊಮ್ಮಗಳ ಓದು, ಎಲ್ಲವೂ. ಡಬ್ಬಿ ಮಾತ್ರ ಆಟಕ್ಕೆಂದು ಅಟ್ಟದಿಂದ ಇಳಿಯಲಿಲ್ಲ. ಮಗ ಊರಿಗೆ ಹೋದಾಗಲೆಲ್ಲ ಅದನ್ನು ಇಳಿಸಿ, ಕಾಯಿಗಳಿಗೆ ಎಣ್ಣೆ ತಿಕ್ಕಿ, ಮತ್ತೆ ಅಲ್ಲೇ ಇಟ್ಟು ಬರುತ್ತಿದ್ದರು. ಅಪ್ಪ ನೋಡಿಯೂ ನೋಡದ ಹಾಗೆ ಇರುತ್ತಿದ್ದರಂತೆ.

"ಇನ್ನೊಂದ್ ಆಟ ಅಪ್ಪನ್ ಜೊತೆ ಆಡ್ಬೇಕು ಸಾರ್" ಎಂದು ಒಂದು ಸಂಜೆ ನನಗೆ ಹೇಳಿದರು. ಕಾಫಿ ಲೋಟವನ್ನು ತಿರುಗಿಸುತ್ತಾ, ಬೇರೆ ಯಾರದೋ ವಿಷಯ ಹೇಳುವವರಂತೆ.

ಆ ವರ್ಷ ಅಪ್ಪನೇ ಒಂದು ಮಾತು ಕಳಿಸಿದರು. ಊರಿನ ಶಾಲೆಯ ಮೇಷ್ಟರೊಬ್ಬರ ಹತ್ತಿರ ಹೊಸ ಆಟ ಕಲಿತಿದ್ದೇನೆ, ನಿನ್ನ ಟೂರ್ನಿಗೆ ಬರುತ್ತೇನೆ, ನಿನ್ನ ಕಾನೂನಿನಲ್ಲೇ ಒಂದಾದರೂ ಆಟ ಗೆದ್ದರೆ ಮನೆಯಲ್ಲಿ ಬೋರ್ಡು ಹಾಸುತ್ತೇನೆ. ತೀರ್ಪುಗಾರರು ಇದನ್ನು ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆ ಭಾನುವಾರ ನಾನೂ ಹೋಗಿದ್ದೆ. ಮೊದಲ ಸುತ್ತಿನ ಗಡಿಯಾರಗಳು ಓಡತೊಡಗಿದವು. ಒಂದು ಕುರ್ಚಿ ಖಾಲಿ. ಗುಬ್ಬಿ ಕಡೆಯ ಬಸ್ಸು ತಡವಾಗಿತ್ತು. ತೀರ್ಪುಗಾರರು ಎರಡು ಸಲ ಕಿಟಕಿಯಿಂದ ಕೆಳಗೆ ನೋಡಿದರು. ನಂತರ ಮೆಟ್ಟಿಲ ತುದಿಗೆ ಹೋಗಿ ನಿಂತರು. ಮಹಡಿಯಲ್ಲಿ ಎಲ್ಲರೂ ತಲೆ ಎತ್ತಿದರು. ನಮ್ಮ ಕಡೆ ಅಪ್ಪನ ಹೆಸರನ್ನು ಮಕ್ಕಳು ಕರೆಯುವುದಿಲ್ಲ. ಅವರು ಅಪ್ಪನ ಹೆಸರನ್ನೂ ತಾತನ ಹೆಸರನ್ನೂ ಸೇರಿಸಿ, ಊರು ಹೇಳಿ, ಒಂದು ಸಲ ಕೂಗಿದರು. ಎರಡನೇ ಸಲ ಕೂಗಿದರು. ಮೂರನೆಯದಕ್ಕೆ ಬಾಯಿ ತೆರೆಯುವಾಗ ಕೆಳಗಿನಿಂದ ಸೀನಿನ ಸದ್ದು ಬಂತು. ಅದರ ಹಿಂದೆಯೇ ಮಾತು.

"ಬಂದೆ ಕಣ್ಲಾ! ಹೆತ್ತಪ್ಪನ್ನೇ ಹೆಸ್ರಿಡಿದು ಕೂಗ್ತಾವ್ನೆ ನೋಡು. ಪೇಟೆ ಪೂರ್ತಿ ಕೇಳುಸ್ತು!"

ಇಡೀ ಮಹಡಿ ನಕ್ಕಿತು. ತೀರ್ಪುಗಾರರೂ ನಕ್ಕರು. ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಅಪ್ಪ ಮೇಲೆ ಬಂದು, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿ ಕೂತರು.

ಮೊದಲ ನಾಲ್ಕು ಸುತ್ತು ಸೋತರು. ಗಡಿಯಾರದ ಗುಂಡಿ ಒತ್ತುವುದು ಅವರಿಗೆ ನೆನಪಾಗುತ್ತಿರಲಿಲ್ಲ. ನಡೆ ಮುಗಿಸಿ, "ಹ್ಞೂಂ, ನಡೀರಿ ನೀವು" ಎಂದು ಎದುರಾಳಿಗೆ ಮರ್ಯಾದೆಯಿಂದ ಹೇಳಿ ಕಾಯುತ್ತಿದ್ದರು. ಗುಂಡಿ ಒತ್ತದೆ ಗಡಿಯಾರ ಅವರ ಲೆಕ್ಕದಲ್ಲೇ ಓಡುತ್ತಿತ್ತು. ತೀರ್ಪುಗಾರರು ದೂರದಲ್ಲಿ ನಿಂತು ನೋಡುತ್ತಿದ್ದರು. ಹೇಳುವ ಹಾಗಿರಲಿಲ್ಲ.

ಐದನೇ ಸುತ್ತಿನಲ್ಲಿ ಎದುರಾಳಿ ಕುಣಿಗಲ್‌ನ ಒಬ್ಬ ಉಪನ್ಯಾಸಕರು. ಅಷ್ಟು ಹೊತ್ತಿಗೆ ಮುದುಕರು ಗುಂಡಿ ಒತ್ತುವುದು ಕಲಿತಿದ್ದರು. ಆಟ ನಿಧಾನವಾಗಿ ಅವರ ಕಡೆ ವಾಲಿತು. ಒಂದು ಆನೆ ಹೆಚ್ಚಿಗೆ ಇತ್ತು. ತಮ್ಮ ಆಟ ಮುಗಿಸಿದವರೆಲ್ಲ ಆ ಮೇಜಿನ ಸುತ್ತ ಬಂದು ನಿಂತರು. ಡಬ್ಬಿಯ ವಿಷಯ ಎಲ್ಲರಿಗೂ ಗೊತ್ತಿತ್ತಲ್ಲ...

ಉಪನ್ಯಾಸಕರು ಸೋಲುವ ಮುನ್ನ ಒಂದು ಚೆಕ್ ಕೊಟ್ಟರು. ದೊಡ್ಡ ಚೆಕ್ಕೇನಲ್ಲ. ಒಂಟೆಯನ್ನು ಅಡ್ಡ ಇಟ್ಟಿದ್ದರೆ ಮುಗಿಯುತ್ತಿತ್ತು. ಮುದುಕರ ಕೈ ರಾಜನ ಮೇಲೆ ಹೋಯಿತು. ಎತ್ತಿ, ಕುದುರೆಯ ಹಾಗೆ ಹಾರಿಸಿ, ಇಟ್ಟರು. ಗುಂಡಿಯನ್ನೂ ಒತ್ತಿದರು. ಆಮೇಲೆ ಅವರ ಬೆರಳು ರಾಜನ ಕುತ್ತಿಗೆಯನ್ನು ಮುಟ್ಟಿ, ದಾರ ಹುಡುಕಿ, ಅಲ್ಲಿಯೇ ನಿಂತಿತು.

ತೀರ್ಪುಗಾರರು ಬಂದು ಗಡಿಯಾರ ನಿಲ್ಲಿಸಿದರು.

"ಬಿಡಿ ಸಾರ್, ಹಿರೀರು. ವಾಪಸ್ ತಗೊಂಡ್ ಬೇರೆ ಆಡ್ಲಿ. ನಂದೇನಿಲ್ಲ" ಎಂದರು ಉಪನ್ಯಾಸಕರು.

ತೀರ್ಪುಗಾರರು ಬೋರ್ಡನ್ನೇ ನೋಡುತ್ತಿದ್ದರು. ಅಪ್ಪನ ಮುಖದ ಕಡೆ ಒಮ್ಮೆಯೂ ತಿರುಗಲಿಲ್ಲ. "ಆ ನಡೆ ನಡೆಯಲ್ಲ. ರಾಜನ್ನ ಮುಟ್ಟಿದೀರಿ, ರಾಜನ್ನೇ ಆಡ್ಬೇಕು ನೀವು" ಎಂದರು.

"ಯಾವನ್ ಮಾಡಿದ್ ಕಾನೂನೋ ಇದು? ರಾಜ ಹಾರ್ತಾನೆ ಅಂತ ನಿಂಗೆ ಹೇಳ್ಕೊಟ್ಟೋನ್ ಯಾರು?"

"ನೀನೇ ಕಣಪ್ಪ" ಎಂದರು ಮಗ. ಬೆಳಗಿನಿಂದ 'ನೀವು' ಎನ್ನುತ್ತಿದ್ದವರು ಆ ಒಂದು ಸಲ ಹಾಗೆ ಅಂದರು. "ಇಲ್ಲಿ ಹಾರಲ್ಲ."

ರಾಜನಿಗೆ ಉಳಿದಿದ್ದದ್ದು ಮೂಲೆಯ ಮನೆ ಒಂದೇ. ಮುದುಕರು ರಾಜನನ್ನು ಅಲ್ಲಿಗೆ ಸರಿಸಿದರು. ಮುಂದಿನ ನಡೆಗೆ ಆಟ ಮುಗಿಯಿತು. ಉಪನ್ಯಾಸಕರು ಕೈ ಕೊಡುವುದೋ ಬೇಡವೋ ಎಂದು ಅನುಮಾನಿಸುವಷ್ಟರಲ್ಲಿ ಮುದುಕರೇ ಕೈ ಮುಗಿದು ಎದ್ದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಮಗನಿಗೆ ಬಹುಮಾನ ವಿತರಣೆ ಬಾಕಿ ಇತ್ತು. ಬಸ್ ನಿಲ್ದಾಣದ ತನಕ ಹೋಗಲು ಆಗಲಿಲ್ಲ.

ಆ ಸಂಜೆ ಅವರು ಎಂದಿನಂತೆ ಕಚೇರಿಗೆ ಬಂದರು. ಹೆಸರುಗಳನ್ನು ಓದಿ ಹೇಳಿದರು, ನಾನು ಬರೆದುಕೊಂಡೆ.

"ಮೂರೇ ಜನರದ್ದು ತಾನೇ ಹಾಕೋದು?"

ಹೌದು ಎಂದೆ.

"ಒಳ್ಳೇದು. ಊರಲ್ಲಿ ಅಪ್ಪ ಪೇಪರ್ ಓದುಸ್ಕೊಂಡ್ ಕೇಳ್ತಾರೆ."

ಕಾಫಿ ಬೇಡವೆಂದರು. ಮೆಟ್ಟಿಲ ಹತ್ತಿರ ಹೋದವರು ತಿರುಗಿ ನಿಂತು, "ಒಂಟೆ ಅಡ್ಡ ಇಟ್ಟಿದ್ರೆ ಗೆದ್ದಿರೋರು ಸಾರ್" ಎಂದರು.

ಮಳೆಗಾಲ ಮುಗಿದ ಮೇಲೆ ಹಾಲಿನ ಸಂಘದ ಒಂದು ಸುದ್ದಿಗೆಂದು ಸಿ.ಎಸ್. ಪುರಕ್ಕೆ ಹೋಗಬೇಕಾಯಿತು. ಕೆಲಸ ಮುಗಿಸಿ ಬಸ್ಸಿಗೆ ಕಾಯುವ ಬದಲು ಅವರ ಮನೆ ಕೇಳಿಕೊಂಡು ಹೋದೆ. ಅದೂ ಭಾನುವಾರವೇ, ಕ್ಲಬ್ಬಿಗೆ ಬಿಡುವಿನ ವಾರ. ಜಗಲಿಯಲ್ಲಿ ಅಪ್ಪ ಮಗ ಎದುರು ಬದುರಾಗಿ ಕೂತಿದ್ದರು. ನಡುವೆ ಬೋರ್ಡು. ಅಪ್ಪನದು ಬಿಳಿ, ಮಗನದು ಕರಿ.

"ಯಾರು, ಪೇಪರ್ನೋರಾ? ಬನ್ನಿ ಬನ್ನಿ. ಐದೂ ಸೋತೋನ್ ಮನೆ ನೋಡಾಕ್ ಬಂದ್ರಾ?"

ಗೆದ್ದರೆ ತಾನೇ ಬೋರ್ಡು ಹಾಸುತ್ತೇನೆ ಎಂದಿದ್ದು, ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ಅಭ್ಯಾಸ.

ಮುದುಕರು ಮಗನ ಕಡೆ ಗದ್ದ ತೋರಿಸಿದರು. "ಅವತ್ತು ಇವ್ನು ನನ್ ಮಖ ನೋಡಿದ್ರೆ ಬಿಟ್ಕೊಡೋನು. ನೋಡ್ಲಿಲ್ಲ. ಬೋರ್ಡ್ ನೋಡ್ದ. ಬಸ್ಸಲ್ಲಿ ಬರ್ತಾ ಯೋಚ್ನೆ ಮಾಡ್ದೆ. ಅಂಥೋನ್ ಜೊತೆ ಆಡ್ಬೋದು ಬುಡಿ." ಜಗಲಿಯ ಮೇಲೆ ಕೈ ತಟ್ಟಿ ಸೇರಿಸಿದರು. "ಆದ್ರೆ ಅದು ಅವನ್ ಕೋರ್ಟು. ಈ ಜಗಲಿ ನಂದು. ಇಲ್ಲಿ ರಾಜ ಹಾರ್ತಾನೆ."

ಮಗ ತಲೆ ಎತ್ತಲಿಲ್ಲ. ಅಪ್ಪನ ಮಂತ್ರಿ ಚೆಕ್ ಕೊಟ್ಟು ನಿಂತಿತ್ತು. ಕರಿ ರಾಜನ ಸುತ್ತ ಒಂದು ಮನೆಯೂ ಖಾಲಿ ಇರಲಿಲ್ಲ. ನನಗೆ ತಿಳಿದ ಮಟ್ಟಿಗೆ ಆಟ ಮುಗಿದಿತ್ತು. ಮಗನೂ ಬಹಳ ಹೊತ್ತು ನೋಡಿ, ಕ್ಲಬ್ಬಿನಲ್ಲಿ ಸೋತವರು ಮಾಡುವ ಹಾಗೆ, ತಮ್ಮ ರಾಜನನ್ನು ಬೆರಳಿನಿಂದ ಮೆಲ್ಲಗೆ ಮಲಗಿಸಿದರು.

ಮುದುಕರು ಕೈ ಚಾಚಿ ಆ ರಾಜನನ್ನು ಮತ್ತೆ ಎತ್ತಿ ನಿಲ್ಲಿಸಿದರು.

"ದಾರ ಕಾಣಲ್ವೇನ್ಲಾ? ನಿನ್ ರಾಜ ಇನ್ನೂ ಹಾರೇ ಇಲ್ಲ. ಹಾರ್ಸು."

ಮಗ ಬಗ್ಗಿ ನೋಡಿದರು. ಕರಿ ರಾಜನ ಕುತ್ತಿಗೆಯಲ್ಲಿ ಕೆಂಪು ದಾರ ಹಾಗೇ ಇತ್ತು. ಅವರಿಗೆ ನಗು ಬಂತು. ನಗುತ್ತಲೇ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು, ಒರೆಸುತ್ತಲೇ ಇದ್ದರು... ಮುದುಕರು ಅವಸರ ಮಾಡಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಕೊನೆಗೆ ಮಗ ರಾಜನನ್ನು ಎತ್ತಿ ಕುದುರೆಯ ಹಾಗೆ ಹಾರಿಸಿ, ದಾರ ಬಿಚ್ಚಿ, ಬೋರ್ಡಿನ ಪಕ್ಕದಲ್ಲಿ ಇಟ್ಟರು.

ಅಷ್ಟರಲ್ಲಿ ನನ್ನ ಬಸ್ಸಿನ ಹಾರನ್ ಕೇಳಿಸಿತು. ಎದ್ದು ಓಡಿದೆ. ಆ ಆಟದಲ್ಲಿ ಯಾರು ಗೆದ್ದರೆಂದು ನನಗೆ ಗೊತ್ತಿಲ್ಲ.

ಮರುವರ್ಷದ ಟೂರ್ನಿಗೆ ಮುದುಕರು ಬರಲಿಲ್ಲ. ಕರೆದಿದ್ದಕ್ಕೆ, ಮೆಣಸಿನಕಾಯಿ ಘಾಟು ಆಗಲ್ಲ ಎಂದರಂತೆ. ಬಿಡುವಿನ ಭಾನುವಾರಗಳಲ್ಲಿ ಮಗನೇ ಊರಿಗೆ ಹೋಗುತ್ತಿದ್ದರು. ಎರಡು ಸಾವಿರದ ಇಸವಿ ಕಳೆದ ಮೇಲೆ ಮುದುಕರು ತೀರಿಕೊಂಡರು. ಆ ವಾರ ಕ್ಲಬ್ಬಿನಲ್ಲಿ ಆಟ ಇರಲಿಲ್ಲ. ಅದರ ಮುಂದಿನ ವಾರ ತೀರ್ಪುಗಾರರು ತಲೆ ಬೋಳಿಸಿಕೊಂಡು ಬಂದು, ಮೆಟ್ಟಿಲ ತುದಿಯಲ್ಲಿ ನಿಂತು, ತಡವಾದ ಆಟಗಾರನ ಹೆಸರು ಕೂಗಿದರು. ನಿವೃತ್ತರಾದ ಮೇಲೆ ಗುಬ್ಬಿಯಲ್ಲಿ ಮಗಳ ಮನೆಗೆ ಹೋದರು. ಡಬ್ಬಿಯೂ ಜೊತೆಗೆ ಹೋಯಿತು. ನಾನು ವರ್ಗವಾಗಿ ಬೇರೆ ಜಿಲ್ಲೆಗೆ ಹೋದೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಬಹಳ ತಡವಾಗಿ. ಅಂಗಡಿಯ ಮಹಡಿ ಈಗ ಗೋದಾಮು. ಮೊನ್ನೆ ಕೆಳಗೆ ನಿಂತು ನೋಡಿ ಬಂದೆ. ಸೀನು ಬಂತು.

ಮಗಳು ಹೇಳಿದ ಪ್ರಕಾರ ಕೊನೆಯ ವರ್ಷಗಳಲ್ಲಿ ತೀರ್ಪುಗಾರರು ಆಡುತ್ತಿದ್ದದ್ದು ಆಕೆಯ ಜೊತೆ. ಪುಸ್ತಕದ ಆಟವನ್ನು ಕಲಿಸಲೇ ಇಲ್ಲವಂತೆ.

"ಒಂದಿನ ಸಾಯಂಕಾಲ ಆಡ್ತಾ ಇದ್ವಿ ಸಾರ್. ಎದೆ ಹಿಡ್ಕೊಂಡ್ರು. ಬೋರ್ಡ್ ಹಂಗೇ ಬಿಟ್ಟು ಆಸ್ಪತ್ರೆಗ್ ಹೋದ್ವಿ. ಕಾರ್ಯ ಎಲ್ಲಾ ಮುಗುದ್ಮೇಲೆ ನಾನೇ ಕಾಯಿ ಇದ್ದಂಗೇ ಎತ್ತಿಟ್ಟೆ. ಆಮೇಲೆ ತೆಗ್ದೇ ಇಲ್ಲ."

ಆಕೆ ಕಾಯಿಗಳನ್ನು ಒಂದೊಂದಾಗಿ ಚಾಪೆಯ ಮೇಲೆ ನಿಲ್ಲಿಸಿದರು. ಎಣ್ಣೆ ಹಳೆಯದಾಗಿ ಬೆರಳಿಗೆ ಅಂಟುತ್ತಿತ್ತು. ಬಿಳಿ ರಾಜನ ಕುತ್ತಿಗೆಯಲ್ಲಿ ದಾರ ಇರಲಿಲ್ಲ. ಕರಿ ರಾಜನ ಕುತ್ತಿಗೆಯಲ್ಲಿ ಇತ್ತು.

ಅವರು ಆಡುತ್ತಿದ್ದದ್ದು ಯಾವ ಕಾಯಿ ಎಂದು ಕೇಳಿದೆ.

"ಅಪ್ಪಂದು ಯಾವಾಗ್ಲೂ ಕರೀದೇ" ಎಂದರು ಮಗಳು.